ಕಟ್ಟೆ ಒಡೆದ ರಾತ್ರಿ ಜೊತೆಗಿದ್ದ ಅಕ್ಕನಿಗೆ

ಮೊನ್ನೆ ಶುಕ್ರವಾರ ನಮ್ಮ ಸುಸ್ಥಿರತೆ ಕೋರ್ಸಿನ ಮೊದಲ ಬ್ಯಾಚ್ ಮುಗಿಯಿತು. ಸೇರಿದ್ದು ಹನ್ನೊಂದು ಮಕ್ಕಳು, ಕೊನೆಯ ದಿನವೂ ಹನ್ನೊಂದೇ ಮಕ್ಕಳು ಎದುರಿಗೆ ಕೂತಿದ್ದರು. ಅವತ್ತಿನಿಂದ ಕುಮಟಾದಿಂದ, ಧಾರವಾಡದಿಂದ, ಇಲ್ಲೇ ಗೋವಾದ ವಾಸ್ಕೋದಿಂದ ಎಷ್ಟೊಂದು ಜನ ಫೋನ್ ಮಾಡಿದಿರಿ. ಎಲ್ಲರಿಗೂ ಸರಿಯಾಗಿ ಉತ್ತರ ಕೊಡಲು ಆಗಿಲ್ಲ. ಮಾತಾಡಲು ಹೋದರೆ ಗಂಟಲು ಕಟ್ಟುತ್ತದೆ.

ಕೋರ್ಸು ಹೇಗೆ ಶುರುವಾಯಿತು, ಎರಡು ಸಲ ಹೇಗೆ ನಿಲ್ಲುವ ಹಂತಕ್ಕೆ ಬಂತು ಎಲ್ಲ ನಿಮಗೆ ಗೊತ್ತು. ಅದನ್ನು ಮತ್ತೆ ಕೆದಕುವುದು ಬೇಡ. ಕೋರ್ಸಿನ ವರದಿಯ ಕೊನೆಯಲ್ಲಿ ಕೃತಜ್ಞತೆಗೆ ಅಂತ ಒಂದು ಚಿಕ್ಕ ಜಾಗ ಇತ್ತು. ವಿಭಾಗಗಳ ಹೆಸರು, ಹಣ ಕೊಟ್ಟವರ ಹೆಸರು ಬರೆಯುವಷ್ಟರಲ್ಲಿ ತುಂಬಿಹೋಯಿತು. ನಾನು ಎಲ್ಲರಿಗಿಂತ ಮೊದಲು ನೆನೆಯಬೇಕಾದವಳು ಆ ಪುಟದಲ್ಲಿ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳು ನಮ್ಮ ಲ್ಯಾಬಿನ ಅಟೆಂಡರ್. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ. ನಮಗೆಲ್ಲ ಅವಳು ಅಕ್ಕ. ರೋಣದ ಕಡೆಯ ಹಳ್ಳಿಯವಳು. ಮದುವೆಯಾದ ವರ್ಷವೇ ಗಂಡನ ಜೊತೆ ದುಡಿಯಲು ಗೋವಾಕ್ಕೆ ಬಂದಳು. ಈಗ ಜುವಾರಿನಗರದಲ್ಲಿ ಮನೆ.

ನಮ್ಮ ಕೋರ್ಸಿನ ಪಾಠ ನಡೆದದ್ದು ಇಲ್ಲಿಯ ಖಾಜನ್ ಗದ್ದೆಯಲ್ಲಿ. ಅದನ್ನು ನೋಡದವರಿಗೆ ಒಂದು ಮಾತು. ನಮ್ಮ ಅಘನಾಶಿನಿ ಹೊಳೆ ದಂಡೆಯ ಗಜನಿ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಹೊಳೆಗೆ ಮಣ್ಣಿನ ಕಟ್ಟೆ ಹಾಕಿ, ಉಪ್ಪುನೀರನ್ನು ಹೊರಗಿಟ್ಟು ಭತ್ತ ಬೆಳೆಯುವ ಜಾಗ. ಪೋರ್ಚುಗೀಸರು ಬರುವ ಮುಂಚಿನಿಂದ ಊರಿನವರೇ ಕೂಡಿ ಕಟ್ಟಿಕೊಂಡು ಬಂದದ್ದು. ಕಟ್ಟೆಯ ನಡುವೆ 'ಮಾನಸ್' ಅನ್ನುವ ಮರದ ಬಾಗಿಲು. ಉಬ್ಬರದ ನೀರು ತಳ್ಳಿದರೆ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಗದ್ದೆಯ ನೀರು ತಳ್ಳಿದರೆ ತಾನೇ ತೆರೆದುಕೊಳ್ಳುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಕೋರ್ಸಿನ ಮಕ್ಕಳು ಅರ್ಧ ಗಂಟೆ ಅಲ್ಲಾಡದೆ ನಿಂತಿದ್ದರು.

ಈ ಒಂದು ಬಾಗಿಲು ಅರ್ಥವಾಗಬೇಕಾದರೆ ಎಷ್ಟು ಜನ ಮೇಷ್ಟ್ರು ಬೇಕು ಗೊತ್ತಾ? ಮೀನಿನ ಗುತ್ತಿಗೆ ಹಿಡಿದವನಿಗೆ ಉಪ್ಪುನೀರು ಒಳಗೆ ಬಂದಷ್ಟೂ ಲಾಭ. ಭತ್ತದವನಿಗೆ ಒಂದು ಹನಿಯೂ ಬೇಡ. ಗೇಣಿ ಕಾನೂನು ಬಂದು ಗದ್ದೆ ಉಳುವವನ ಕೈಗೆ ಹೋದ ಮೇಲೆ ಕಟ್ಟೆ ರಿಪೇರಿ ಯಾರದು ಅನ್ನುವ ಜಗಳ ಬೇರೆ. ಖಾಜನ್ ಉಳಿಸಬೇಕು ಅಂತ 2011ರ ಕರಾವಳಿ ನಿಯಂತ್ರಣ ಅಧಿಸೂಚನೆಯಲ್ಲಿ ಗೋವಾಕ್ಕಂತಲೇ ಬರೆದಿದ್ದಾರೆ. ಮಣ್ಣಿನ ಉಪ್ಪು ಅಳೆಯುವ ನಾನು, ಕಾನೂನಿನವರು, ಅರ್ಥಶಾಸ್ತ್ರದವರು, ಇತಿಹಾಸದವರು, ಕೊಂಕಣಿ ವಿಭಾಗದವರು ಒಂದೇ ಕಟ್ಟೆಯ ಮೇಲೆ ನಿಂತು ಪಾಠ ಮಾಡಿದ್ದು ಅದಕ್ಕೇ. ಪರಿಸರ ಎಲ್ಲ ಹಂತದಲ್ಲೂ ಪಾಠವಾಗಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು, ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ. ಅದು ಬಾಯಿಪಾಠ ಮಾಡಿ ಬರೆಯುವ ಒಂದು ಪೇಪರ್ ಆಗಿ ಉಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಈ ಎಲ್ಲ ಸಹೋದ್ಯೋಗಿಗಳಿಗೆ, ಗದ್ದೆ ಬಿಟ್ಟುಕೊಟ್ಟ ರೈತರಿಗೆ, ಮಳೆಯಲ್ಲಿ ಬಸ್ ಓಡಿಸಿದ ಡ್ರೈವರ್‌ಗೆ, ಹಾಸ್ಟೆಲ್ಲಿನವರಿಗೆ ನನ್ನ ನಮಸ್ಕಾರ.

ಇನ್ನು ಆ ರಾತ್ರಿ.

ಜುಲೈ ಅಮಾವಾಸ್ಯೆ. ಇಡೀ ದಿನ ಮಳೆ. ರಾತ್ರಿ ಹತ್ತಕ್ಕೆ ಮಾನಸ್ ಕಾಯುವ ಅಜ್ಜ ಫೋನ್ ಮಾಡಿ, ಕಟ್ಟೆಯಲ್ಲಿ ನೀರು ಜಿನುಗುತ್ತಿದೆ ಅಂದರು. ನಾನು ಯಾರ್ಯಾರಿಗೆ ಫೋನ್ ಮಾಡಿದೆನೋ ನೆನಪಿಲ್ಲ. ಅಕ್ಕ ಮಾತ್ರ ಏನೂ ಕೇಳಲಿಲ್ಲ. 'ಬರ್ತೀನ್ರಿ' ಅಂದಳು. ಗಂಡ ಮತ್ತು ಓಣಿಯ ನಾಲ್ಕು ಜನರನ್ನು ಟೆಂಪೋದಲ್ಲಿ ಕೂರಿಸಿಕೊಂಡು, ಗುದ್ದಲಿ, ಬುಟ್ಟಿ, ಸಿಮೆಂಟಿನ ಖಾಲಿ ಚೀಲ ಹಾಕಿಕೊಂಡು ಬಂದಳು. ಬರುವಷ್ಟರಲ್ಲಿ ಉಬ್ಬರ ಪೂರ್ತಿ ಏರಿತ್ತು. ಏಡಿ ಕೊರೆದ ತೂತಿನಿಂದ ಶುರುವಾದ ಜಿನುಗು ಟಾರ್ಚ್ ಬೆಳಕಿನಲ್ಲಿ ನಮ್ಮ ಕಣ್ಣೆದುರೇ ಬಾಯಿ ಬಿಟ್ಟಿತು. ಆಮೇಲೆ ಬರೀ ಸದ್ದು. ಹೊಳೆ ಗದ್ದೆಗೆ ಬೀಳುವ ಸದ್ದು.

ಈಗ ಹಾಕಿದ ಮಣ್ಣು ನಿಲ್ಲುವುದಿಲ್ಲ, ಬೆಳಗಿನ ಜಾವದ ಇಳಿತಕ್ಕೆ ಕಾಯಬೇಕು ಅಂದರು ಅಜ್ಜ. ಐದಾರು ಗಂಟೆ ಕಾಯುವುದು. ಮಣ್ಣಿನ ಉಪ್ಪು ಮೀಟರಿನಲ್ಲಿ 3 ದಾಟಿದರೆ ಮಾಮೂಲಿ ಭತ್ತ ಸೊರಗಲು ಶುರು. ಅದೇ ಮೀಟರಿನಲ್ಲಿ ಸಮುದ್ರದ ನೀರು 50ರ ಹತ್ತಿರ. ಮಕ್ಕಳಿಗೆ ನಾನೇ ಬೋರ್ಡಿನ ಮೇಲೆ ಬರೆದು ಕೊಟ್ಟ ಲೆಕ್ಕ. ಅವತ್ತು ಅದು ಒಬ್ಬ ರೈತನ ವರ್ಷದ ಅನ್ನ.

ಪಂಪ್‌ಶೆಡ್ಡಿನ ಜಗಲಿಯ ಮೇಲೆ ಕೂತೆ. ಕೂತವಳಿಗೆ ಅಪ್ಪ ನೆನಪಾದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಗಜನಿಯ ಕಟ್ಟೆಯೂ ಹೀಗೇ ಹೋಗಿತ್ತು. ಅಪ್ಪ ಬೆಳಗಿನ ತನಕ ಒಂದು ಮಾತೂ ಆಡದೆ ನಿಂತಿದ್ದರು. ಮರುವರ್ಷ ಕಗ್ಗದ ಭತ್ತ ಬಿತ್ತಲಿಲ್ಲ. ಮತ್ತೆಂದೂ ಬಿತ್ತಲಿಲ್ಲ. ಅಪ್ಪ ತೀರಿಕೊಂಡಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಸಾಕು, ಕೆಲಸ ಬಿಡ್ತೀನಿ, ಈ ಕೋರ್ಸು, ಗದ್ದೆ ಯಾವುದೂ ನನ್ನ ಕೈಯಲ್ಲಿ ಆಗಲ್ಲ ಅಂತ ಜೋರಾಗಿ ಅತ್ತೆ.

ಅಕ್ಕ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಬಂದು ಕೂತು, ತನ್ನ ಸೆರಗಿನಿಂದ ನನ್ನ ತಲೆ ಒರೆಸಿದಳು. 'ಅಳ್ರಿ ಮೇಡಂ. ನೀರು ಇಳಿಯೂತನಕ ನಮಗೇನ್ ಬ್ಯಾರೆ ಕೆಲಸ ಐತಿ?' ಅಂದಳು.

ಆಮೇಲೆ ತನ್ನ ಊರಿನ ಮಣ್ಣಿನ ಮಾಳಿಗೆಯ ಕತೆ ಹೇಳಿದಳು. ಮಳೆ ಹಿಡಿದು ಮಾಳಿಗೆ ಸೋರಿದರೆ ಅವಳ ಅವ್ವ ರಾತ್ರಿಯೇ ಮೇಲೆ ಹತ್ತಿ ಮಣ್ಣು ತುಳಿಯುತ್ತಿದ್ದಳಂತೆ, ಇವಳು ಕೆಳಗೆ ಕಂದೀಲು ಹಿಡಿದು ನಿಲ್ಲುತ್ತಿದ್ದಳಂತೆ. ಡಬ್ಬಿ ತೆಗೆದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ನಾಲ್ಕಕ್ಕೆ ಎದ್ದು ನೀರು ನೋಡಿ ಬಂದಳು. 'ಏಳ್ರಿ' ಅಂದಳು.

ನಾವು ಚೀಲ ಎಸೆಯಲು ಹೋದೆವು. ಅವಳು ತಡೆದಳು. ಮೊದಲು ಹುಲ್ಲು ಹಾಸಿ ಅಂದಳು. ಹುಲ್ಲಿನ ಮೇಲೆ ಜಿಗುಟು ಮಣ್ಣಿನ ಹೆಂಟೆ, ಅದನ್ನು ಹಿಮ್ಮಡಿಯಿಂದ ತುಳಿಯುವುದು, ಮತ್ತೆ ಹುಲ್ಲು. ಅಜ್ಜ ಅವಳನ್ನೇ ನೋಡುತ್ತಾ ನಿಂತು, ನಮ್ಮ ಹಿರಿಯರೂ ಹೀಗೇ ಕಟ್ಟುತ್ತಿದ್ದರು ಅಂತ ಕೊಂಕಣಿಯಲ್ಲಿ ಹೇಳಿದರು. ಮೊಣಕಾಲು ಮಟ್ಟದ ಕೆಸರಿನಲ್ಲಿ ಅವಳ ಪಾದ ಒಂದೇ ಲಯದಲ್ಲಿ ಏಳುತ್ತಿತ್ತು, ಇಳಿಯುತ್ತಿತ್ತು. ಮಧ್ಯಾಹ್ನದ ಉಬ್ಬರ ಬರುವ ಮೊದಲು ಬಾಯಿ ಮುಚ್ಚಿತ್ತು. ಹನ್ನೆರಡು ಗಂಟೆಗೆ ಹೊಳೆ ಬಂದು ಅದಕ್ಕೆ ಒರಗಿ ನಿಂತಾಗ ನಾವ್ಯಾರೂ ಉಸಿರಾಡಿರಲಿಲ್ಲ. ಕಟ್ಟೆ ನಿಂತಿತು.

ಆ ವರ್ಷ ಹೊಸ ತಳಿಯ ಭತ್ತವೆಲ್ಲ ಉಪ್ಪಿಗೆ ಸುಟ್ಟುಹೋಯಿತು. ಒಂದು ಮೂಲೆಯಲ್ಲಿ ಬಿತ್ತಿದ್ದ ಹಳೇ ಕೊರಗುಟ್ ಮಾತ್ರ ಅಷ್ಟಿಷ್ಟು ತಲೆ ಎತ್ತಿತು. ಅದೂ ನಮ್ಮ ಕಗ್ಗದ ಹಾಗೆ ಉಪ್ಪು ತಡೆಯುವ ಭತ್ತ. ಮಕ್ಕಳು ವಾರಕ್ಕೆ ಎರಡು ದಿನ ಹೋಗಿ, ಮಳೆನೀರು ಉಪ್ಪನ್ನು ಹೇಗೆ ತೊಳೆದು ಮಾನಸ್ ಮೂಲಕ ಹೊರಗೆ ಒಯ್ಯುತ್ತದೆ ಅಂತ ಅಳೆದರು. ಇವತ್ತು ಎಲ್ಲರೂ ಹೊಗಳುತ್ತಿರುವ ಆ ವರದಿ ಅಲ್ಲಿಂದ ಬಂದದ್ದು. ಅಂದರೆ ಅಕ್ಕ ತುಳಿದ ಮಣ್ಣಿನಿಂದ ಬಂದದ್ದು.

ನಾನು ಆ ರಾತ್ರಿ ಹೇಳಿದ ಮಾತುಗಳನ್ನು ಅವಳು ಯಾರ ಹತ್ತಿರವೂ ಎತ್ತಿಲ್ಲ. ಸೋಮವಾರ ಬೆಳಿಗ್ಗೆ ಎಂದಿನ ಹಾಗೆ ಬೀಕರ್‌ಗಳನ್ನು ತೊಳೆದು ಬೋರಲು ಹಾಕಿಟ್ಟಿದ್ದಳು. ನನ್ನ ಟೇಬಲ್ ಮೇಲೆ ಉಪ್ಪಿನ ಮೀಟರಿಗೆ ಹೊಸ ಬ್ಯಾಟರಿ ಇಟ್ಟಿದ್ದಳು.

ಮುಂದಿನ ಬ್ಯಾಚಿನ ಪಠ್ಯದಲ್ಲಿ ಕಟ್ಟೆ ಕಟ್ಟುವುದರ ಮೇಲೆ ಎರಡು ದಿನದ ಪಾಠ ಸೇರಿಸಿದ್ದೇವೆ. ಪಾಠ ಮಾಡುವವಳು ಅಕ್ಕ. ಬೇರೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ, ಅದಕ್ಕೆ ಸಹಿ ಆಗಿದೆ. ಅವಳದ್ದು ಒಂದೇ ಷರತ್ತು: ಕ್ಲಾಸ್‌ರೂಮಿನಲ್ಲಿ ಮಾತಾಡುವುದಿಲ್ಲ, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಎಲ್ಲರೂ ಚಪ್ಪಲಿ ಬಿಟ್ಟು ಕಟ್ಟೆಗೆ ಬರಬೇಕು. ಬರ್ತೀವಿ ಅಕ್ಕ.