ಬಿಸಿಲು ನೋಡಿ ರೀಲು ಕೊಳ್ಳಿ

ಮಾನ್ಯರೇ,

ಫಿಲ್ಮ್ ಕ್ಯಾಮೆರಾ ಹಿಡಿದು ಓಡಾಡುತ್ತಿರುವ ಈಗಿನ ಹುಡುಗರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ‘ಹೊರಾಂಗಣಕ್ಕೆ ಸ್ಲೈಡ್ ಫಿಲ್ಮೇ ಸರಿ, ಬಣ್ಣ ಎದ್ದು ಬರುತ್ತದೆ’ ಎಂಬ ಅದರ ಸಲಹೆಗೆ ನನ್ನ ತಕರಾರಿದೆ. ಸ್ಲೈಡ್ ಎಂದರೆ ತೊಳೆದ ರೀಲಿನಲ್ಲೇ ನಿಜಬಣ್ಣದ ಚಿತ್ರ ಮೂಡುವ ಫಿಲ್ಮ್. ಸಾಗರದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ಮುಂಜಿ, ಗೃಹಪ್ರವೇಶಗಳನ್ನೆಲ್ಲ ಅಂಗಳದ ಬೆಳಕಿನಲ್ಲೇ ತೆಗೆದವನು ನಾನು.

ನಮ್ಮ ಕಡೆಯ ತೊಂದರೆ ಬಣ್ಣದ್ದಲ್ಲ, ಬಿಸಿಲು-ನೆರಳಿನ ಅಂತರದ್ದು. ಅಡಿಕೆ ತೋಟದೊಳಗೆ ನಿಂತವರ ಮುಖಕ್ಕೂ ಸೋಗೆಗಳ ಸಂದಿಯಲ್ಲಿ ಕಾಣುವ ಆಕಾಶಕ್ಕೂ ಸ್ಲೈಡ್ ತಡೆಯಲಾರದಷ್ಟು ವ್ಯತ್ಯಾಸ. ಬೆಳಕು ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧವಾಗುವುದು) ಹೆಚ್ಚುಕಮ್ಮಿಯಾದರೂ ಅದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತದೆ. ಬಣ್ಣ ತಿರುವುಮುರುವಾಗಿ ಮೂಡಿ, ಆಮೇಲೆ ಪ್ರಿಂಟ್ ಹಾಕುವ ಕಲರ್ ನೆಗೆಟಿವ್ ಹಾಗಲ್ಲ. ಒಂದೆರಡು ಸ್ಟಾಪ್ ಬೆಳಕು ಜಾಸ್ತಿ ಬಿದ್ದರೂ ಸಹಿಸಿಕೊಳ್ಳುತ್ತದೆ, ಕಡಿಮೆ ಬಿದ್ದರೆ ಮಾತ್ರ ನೆರಳೆಲ್ಲ ಕೆಸರು. ಅದಕ್ಕೇ ನಾನು 400ರ ರೀಲು ಹಾಕಿ ಬೆಳಕು ಅಳೆಯುವ ಮೀಟರನ್ನು 200ಕ್ಕೆ ಇಟ್ಟು ಒಂದು ಸ್ಟಾಪ್ ಬೆಳಕು ಜಾಸ್ತಿ ಕೊಡುತ್ತಿದ್ದೆ. (ಈ ಸಂಖ್ಯೆ ರೀಲಿನ ವೇಗ, ಅದು ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು.)

ಫ್ಯೂಜಿ ಕಂಪನಿಯ ಸ್ಲೈಡ್ ಫಿಲ್ಮ್ ವೆಲ್ವಿಯಾ 50 ಬಂದದ್ದು 1990ರಲ್ಲಿ. ಗದ್ದೆ, ಗುಡ್ಡ, ಕಾಡಿಗೆ ಅದರ ಹಸಿರು ಚೆಂದ, ಒಪ್ಪಿದೆ. ಮದುಮಗಳ ಮುಖಕ್ಕೆ ಮಾತ್ರ ಬೇಡ, ಕೆಂಪಡರುತ್ತದೆ. ಇನ್ನು ಮಳೆಗಾಲದ ಹಸಿರು ಬೇಕೆನ್ನುವವರು ರೀಲಿಗೆ ದುಡ್ಡು ಸುರಿಯುವ ಮೊದಲು ಒಂದು ಪೋಲರೈಸರ್, ಅಂದರೆ ಲೆನ್ಸಿನ ಮುಂದೆ ಹಾಕಿ ಹೊಳಪು ತಗ್ಗಿಸುವ ಫಿಲ್ಟರ್, ಕೊಳ್ಳಲಿ. ಒದ್ದೆ ಎಲೆ ಬೆಳ್ಳಗೆ ಕಾಣುವುದು ಮೇಲಿನ ಮೋಡ ಅದರಲ್ಲಿ ಹೊಳೆಯುವುದರಿಂದ. ಆ ಹೊಳಪು ತೆಗೆದರೆ ಯಾವ ರೀಲಿನಲ್ಲೂ ಹಸಿರು ತಾನಾಗಿ ಬರುತ್ತದೆ. ಪೋಲರೈಸರ್ ಒಂದೂವರೆ, ಎರಡು ಸ್ಟಾಪ್ ಬೆಳಕು ನುಂಗುತ್ತದೆ, ಹಾಗಾಗಿ ಆಗ 400 ಬೇಕೇ ಬೇಕು. ಆಷಾಢದ ತೋಟದಲ್ಲಿ 50ರ ರೀಲಿಟ್ಟುಕೊಂಡು ಕೈಯಲ್ಲಿ ಕ್ಯಾಮೆರಾ ಹಿಡಿಯುವವರಿಗೆ ನಮಸ್ಕಾರ!

ಹಂಪಿಯ ನಡುಮಧ್ಯಾಹ್ನಕ್ಕೆ ಬೇರೆ ಲೆಕ್ಕ. ಜನರಿದ್ದರೆ ಕೊಡಾಕ್ ಕಂಪನಿಯ ನೆಗೆಟಿವ್ ರೀಲು ಪೋರ್ಟ್ರಾ 160, ಅದರ ಕಾಂಟ್ರಾಸ್ಟ್ (ಬೆಳಕು-ನೆರಳಿನ ಅಂತರ) ಮೆದು. ಬರೀ ಬಂಡೆ, ಗೋಪುರವಾದರೆ ಅದೇ ಕಂಪನಿಯ ನೆಗೆಟಿವ್ ಎಕ್ಟಾರ್ 100 ಆದೀತು, ಆದರೆ ಬೆಳಕು ಕಡಿಮೆ ಕೊಟ್ಟರೆ ಅದರ ನೆರಳು ನೀಲಿಗಟ್ಟುತ್ತದೆ. ಸುಮ್ಮನೆ ಊರು ಸುತ್ತಲು ಕೊಡಾಕ್‌ನದೇ ಗೋಲ್ಡ್ 200 ಸಾಕು.

ತನ್ನ ಸ್ಲೈಡ್ ಫಿಲ್ಮ್ ಎಕ್ಟಾಕ್ರೋಮನ್ನು 2012ರಲ್ಲಿ ನಿಲ್ಲಿಸಿದ್ದ ಕೊಡಾಕ್ 2018ರಲ್ಲಿ ಮತ್ತೆ ತಂದಿತು, ಸಂತೋಷ. ಆದರೆ ಸ್ಲೈಡ್ ತೊಳೆಯುವ ಇ-6 ಬೇರೆಯೇ ಕ್ರಮ, ಸಾಮಾನ್ಯ ನೆಗೆಟಿವ್ ತೊಳೆಯುವ ಸಿ-41 ಲ್ಯಾಬಿನಲ್ಲಿ ಅದು ಆಗುವುದಿಲ್ಲ. ರೀಲು ಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಳ್ಳಬೇಕೆಂದು ಲೇಖಕರು ಒಂದು ಸಾಲು ಬರೆಯಬಹುದಿತ್ತು.

ಇನ್ನೊಂದು ಮಾತು. ಡೇಲೈಟ್ ಫಿಲ್ಮನ್ನು ಸುಮಾರು 5500 ಕೆಲ್ವಿನ್ ಬೆಳಕಿಗೆ, ಅಂದರೆ ನಡುಹಗಲಿನ ಬಿಳಿ ಬಿಸಿಲಿಗೆ, ಹೊಂದಿಸಿರುತ್ತಾರೆ. ಸಂಜೆ ಅದು ಹಳದಿಗೆ ತಿರುಗುವುದು ಸಹಜ, ಅದೇ ಅದರ ಸೊಗಸು. ಲ್ಯಾಬಿನ ಹುಡುಗರು ಸ್ಕ್ಯಾನ್ ಮಾಡುವಾಗ ಆಟೋ ಕರೆಕ್ಷನ್ ಒತ್ತಿ ಗೋಧೂಳಿಯನ್ನೂ ಹನ್ನೆರಡು ಗಂಟೆಯ ಬಿಸಿಲು ಮಾಡಿಡುತ್ತಾರೆ. ಆಮೇಲೆ ನಾವು ರೀಲನ್ನು ಬೈಯುತ್ತೇವೆ. ರೀಲು ಕೊಡುವಾಗಲೇ ‘ಬಣ್ಣ ತಿದ್ದಬೇಡಿ’ ಎಂದು ಚೀಟಿ ಅಂಟಿಸಿ ಕೊಡಿ. ನಿಮ್ಮ ಪತ್ರಿಕೆಯೂ ಇಂಥ ಲೇಖನದ ಜೊತೆ ಫೋಟೊ ಹಾಕುವಾಗ ರೀಲಿನ ಹೆಸರಿನ ಪಕ್ಕದಲ್ಲಿ ಎಷ್ಟು ಗಂಟೆಗೆ, ಬಿಸಿಲಿನಲ್ಲೋ ನೆರಳಿನಲ್ಲೋ ತೆಗೆದದ್ದೆಂದು ಅಚ್ಚು ಹಾಕಲಿ.

– ಹಳೆಯ ಸ್ಟುಡಿಯೋದವ, ಸಾಗರ