ಕಜ್ಜಿ ನಾಯಿ ಅಲ್ಲ, ಅಲರ್ಜಿ ಇರೋ ನಾಯಿ. ದಯವಿಟ್ಟು ಬಿಸ್ಕೆಟ್ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಮೂವತ್ತೈದು ವರ್ಷ ಮುಂಬೈ ಮಾಟುಂಗದ ಒಂದು ಉಡುಪಿ ಹೋಟ್ಲಲ್ಲಿ ಗಲ್ಲಾದಲ್ಲಿ ಕೂತವ ನಾನು, ಬಂದವರಿಗೆ ಇನ್ನೊಂದು ಇಡ್ಲಿ ಹಾಕ್ಲಾ, ಸಾಂಬಾರ್ ಬೇಕಾ ಅಂತ ಕೇಳಿಯೇ ಬಾಯಿಗೆ ಅಭ್ಯಾಸ, ಈಗ ಕೆಲಸ ಬಿಟ್ಟು ಡೊಂಬಿವಲಿಯಲ್ಲಿ ಕೂತು ಕಂಡಕಂಡವರ ಹತ್ರ "ಏನೂ ತಿನ್ಲಿಕ್ಕೆ ಕೊಡ್ಬೇಡಿ ಮಾರಾಯ್ರೆ" ಅಂತ ಬೇಡ್ಕೊಳ್ಳುವ ಹಾಗೆ ಆಗಿದೆ. ಬೇಡೋದು ನನಗಾಗಿ ಅಲ್ಲ, ನಮ್ಮ ಬ್ರೂನೋಗೆ.

ಬ್ರೂನೋ ಲ್ಯಾಬ್ರಡಾರ್. ನಮ್ಮ ಮನೆಗೆ ಮರಿಯಾಗಿ ಬಂದದ್ದಲ್ಲ. ಯಾರೋ ವಿದೇಶಕ್ಕೆ ಹೋಗುವಾಗ ಬಿಟ್ಟು ಹೋದದ್ದು, ಬೀದಿನಾಯಿಗಳಿಗೆ ಊಟ ಹಾಕುವ ಒಬ್ಬರು ಹೆಂಗಸು ಎತ್ತಿಕೊಂಡು ಬಂದು ಸಾಕಿದ್ರು, ನನ್ನ ಮಗಳು ಹೋಗಿ ಕರ್ಕೊಂಡು ಬಂದಳು. ಡಾಕ್ಟ್ರು ಹಲ್ಲು ನೋಡಿ ಕಣ್ಣು ನೋಡಿ ಎಂಟೊಂಬತ್ತು ವರ್ಷ ಆಗಿರ್ಬೇಕು ಅಂದ್ರು, ಅದೂ ಅಂದಾಜು. ಬರುವಾಗಲೇ ಹೊಟ್ಟೆ ಕೆಳಗೆ ಕೂದಲಿಲ್ಲ, ಕಂಕುಳಲ್ಲಿ ಚರ್ಮ ಆನೆ ಚರ್ಮದ ಹಾಗೆ ಕಪ್ಪಾಗಿ ದಪ್ಪ ಆಗಿತ್ತು, ಪಾದ ನೆಕ್ಕಿ ನೆಕ್ಕಿ ಬಿಳಿ ರೋಮ ಕೆಂಪು ಕಂದು ಬಣ್ಣಕ್ಕೆ ತಿರುಗಿತ್ತು, ಕಿವಿಯಿಂದ ಹುಳಿ ಹಿಟ್ಟಿನ ವಾಸನೆ. ರಾತ್ರಿ ಎರಡು ಗಂಟೆಗೆ ಟಕಟಕ ಟಕಟಕ ಅಂತ ಕಾಲು ನೆಲಕ್ಕೆ ಬಡಿಯುವ ಶಬ್ದ, ಕೆಳಗಿನ ಮನೆಯವರು ಬಂದು ಹೊಲಿಗೆ ಮೆಷಿನ್ ಇಟ್ಟಿದ್ದೀರಾ ಅಂತ ಕೇಳಿದ್ರು.

ಮೊದಲು ಹೋದ ಕ್ಲಿನಿಕ್‌ನಲ್ಲಿ (ಹೆಸರು ಬೇಡ) ಒಂದು ಇಂಜೆಕ್ಷನ್ ಕೊಟ್ರು, ಮರುದಿನಕ್ಕೇ ತುರಿಕೆ ಮಾಯ. ದೇವರಂಥ ಡಾಕ್ಟ್ರು ಅಂದ್ಕೊಂಡೆ. ಇಪ್ಪತ್ತು ದಿನ ಆಗುವಾಗ ಮತ್ತೆ ಶುರು, ಮತ್ತೆ ಇಂಜೆಕ್ಷನ್, ಹೀಗೆ ನಾಲ್ಕು ಸಲ. ಅಷ್ಟರಲ್ಲಿ ನಾಯಿ ಬಕೆಟ್ ಬಕೆಟ್ ನೀರು ಕುಡೀಲಿಕ್ಕೆ ಶುರು ಮಾಡ್ತು, ಮನೆಯೊಳಗೆ ಉಚ್ಚೆ ಹೊಯ್ಯುವುದು, ಎಷ್ಟು ಹಾಕಿದ್ರೂ ಹಸಿವು, ಹೊಟ್ಟೆ ಜೋತು ಬಿತ್ತು. ಅದು ಸ್ಟಿರಾಯ್ಡ್ ಅಂತ ನಮಗೆ ಯಾರೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ, ತಪ್ಪು ಇಬ್ಬರದ್ದೂ ಉಂಟು. ಸ್ಟಿರಾಯ್ಡೇ ವಿಷ ಅಂತ ನಾನು ಹೇಳುವುದಿಲ್ಲ, ಬೇಕಾದಾಗ ಸ್ವಲ್ಪ ದಿನಕ್ಕೆ ಕೊಡ್ತಾರೆ, ಕೊಡ್ತಾ ಇರೋದನ್ನ ನಮ್ಮಷ್ಟಕ್ಕೆ ನಾವು ಫಟ್ಟಂತ ನಿಲ್ಲಿಸಲೂ ಬಾರದು, ಆದ್ರೆ ಯಾಕೆ ತುರಿಸ್ತಾ ಉಂಟು ಅಂತ ನೋಡದೆ ಬರೀ ತುರಿಕೆ ಮುಚ್ಚಿಡೋದು ಅಂದ್ರೆ ಹೋಟ್ಲಲ್ಲಿ ಗ್ಯಾಸ್ ಲೀಕ್ ಆಗುವಾಗ ಊದುಬತ್ತಿ ಹಚ್ಚಿದ ಹಾಗೆ.

ಮನೆಮದ್ದಿನ ಕಥೆ ಬೇರೆ. ಊರಿಂದ ಅತ್ತಿಗೆ ಫೋನ್ ಮಾಡಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚು ಅಂದ್ಳು, ರಿಕ್ಷಾದವ ಗಾಡಿಯ ಸುಟ್ಟ ಆಯಿಲ್ ಹಚ್ಚಿ ಅಂದ, ಮೆಡಿಕಲ್‌ನವ ಮನುಷ್ಯರ ಗಜಕರ್ಣದ ಟ್ಯೂಬ್ ಕೊಟ್ಟ. ನಾಯಿಗೆ ಏನು ಹಚ್ಚಿದ್ರೂ ಅದು ನೆಕ್ತದೆ, ಅಂದ್ರೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗ್ತದೆ, ಈ ಒಂದು ಮಾತು ನೆನಪಿದ್ರೆ ಸಾಕು. ಕರ್ಪೂರ, ಸುಟ್ಟ ಆಯಿಲ್ ಎರಡೂ ನಾಯಿಗೆ ವಿಷವೇ.

ಆಮೇಲೆ ಸಿಕ್ಕಿದ ಡಾಕ್ಟ್ರಮ್ಮ ಮೊದಲು ಔಷಧಿ ಬರೀಲೇ ಇಲ್ಲ. ಬ್ಲೇಡಲ್ಲಿ ಚರ್ಮ ಕೆರೆದು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿದ್ರು, ಕಜ್ಜಿ ಹುಳ ಇದೆಯಾ ಅಂತ. ಸೆಲ್ಲೋಟೇಪ್ ಅಂಟಿಸಿ ತೆಗೆದು ಅದನ್ನೂ ನೋಡಿದ್ರು. ಮೈ ಬಾಚಿ ಉದುರಿದ ಕಪ್ಪು ಪುಡಿಯನ್ನ ಒದ್ದೆ ಬಿಳಿ ಕಾಗದದ ಮೇಲೆ ಒರೆಸಿ ತೋರಿಸಿದ್ರು, ಅದು ಕೆಂಪಾಗಿ ಹರಡಿದ್ರೆ ಚಿಗಟದ ಹಿಕ್ಕೆ, ರಕ್ತ ಕುಡಿದದ್ದು, ಹರಡದಿದ್ರೆ ಬರೀ ಧೂಳು. ಇದನ್ನ ಯಾರು ಬೇಕಾದ್ರೂ ಮನೆಯಲ್ಲೇ ನೋಡ್ಬಹುದು. ಅಲರ್ಜಿ ಇರೋ ನಾಯಿಗೆ ಒಂದೆರಡು ಚಿಗಟ ಕಚ್ಚಿದ್ರೂ ಮೈಯೆಲ್ಲ ತುರಿಕೆ ಏಳ್ತದಂತೆ. ಬ್ರೂನೋಗೆ ಹುಳ ಇರ್ಲಿಲ್ಲ, ಚಿಗಟ ಸ್ವಲ್ಪ ಇತ್ತು, ಆದ್ರೆ ಯೀಸ್ಟು ಮತ್ತೆ ಬ್ಯಾಕ್ಟೀರಿಯಾ ತುಂಬಿ ಹೋಗಿತ್ತು, ಆ ಹುಳಿ ವಾಸನೆ ಅದರದ್ದೇ. ವಯಸ್ಸಾದ ನಾಯಿ ಅಂತ ರಕ್ತ ಪರೀಕ್ಷೆಯನ್ನೂ ಮಾಡಿಸಿದ್ರು, ಲಿವರು ಕಿಡ್ನಿ ಥೈರಾಯ್ಡು ಎಲ್ಲ. ಅಲರ್ಜಿ ಸಾಮಾನ್ಯ ಸಣ್ಣ ವಯಸ್ಸಲ್ಲೇ ಶುರು ಆಗೋದು, ಮುದಿ ನಾಯಿಗೆ ಹೊಸದಾಗಿ ಚರ್ಮದ ತೊಂದರೆ ಬಂದ್ರೆ ಹಾರ್ಮೋನ್ ಕಡೆಯೂ ನೋಡ್ಬೇಕು ಅಂದ್ರು. ನಮ್ಮದು ಹೊಸದೋ ಹಳೇದೋ ಹೇಳ್ಲಿಕ್ಕೆ ಯಾರಿದ್ದಾರೆ? ಥೈರಾಯ್ಡ್ ಸರಿ ಇತ್ತು, ಪುಣ್ಯ.

ವಾರಕ್ಕೆ ಎರಡು ಸಲ ಆ ಯೀಸ್ಟು, ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಸ್ನಾನ. ನೊರೆ ಹತ್ತು ನಿಮಿಷ ಮೈ ಮೇಲೆ ಇರ್ಬೇಕು, ಹಾಕಿದ ಕೂಡ್ಲೇ ತೊಳೆದ್ರೆ ಪ್ರಯೋಜನ ಇಲ್ಲ. ಮೂವತ್ತು ಕಿಲೋ ಲ್ಯಾಬ್ರಡಾರನ್ನ ಡೊಂಬಿವಲಿಯ ಬಾತ್ರೂಮಲ್ಲಿ ಹತ್ತು ನಿಮಿಷ ನಿಲ್ಲಿಸಿ ನೋಡಿ ಗೊತ್ತಾಗ್ತದೆ, ನಾನು ಯಕ್ಷಗಾನದ ಪದ ಹೇಳ್ತಾ ನಿಲ್ಲಿಸ್ತೇನೆ, ಎರಡು ಪದ ಮುಗೀವಾಗ ಟೈಮ್ ಸರಿ. ಆಮೇಲೆ ಬೆರಳ ಸಂದಿ ಎಲ್ಲ ಒರೆಸಬೇಕು, ಜೂನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮನುಷ್ಯರ ಬಟ್ಟೆಯೇ ಒಣಗುವುದಿಲ್ಲ, ನಾಯಿ ಎಲ್ಲಿ ಒಣಗ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರ್ತೇನೆ. ಇನ್‌ಫೆಕ್ಷನ್ ಹೋಯ್ತು, ತುರಿಕೆ ಅರ್ಧ ಉಳೀತು. ಊಟದ ಅಲರ್ಜಿಯಾ ಅಂತ ನೋಡ್ಬೇಕು ಅಂದ್ರು. ನಾನು ರಕ್ತ ಪರೀಕ್ಷೆ ಮಾಡ್ಸಿಬಿಡುವ ಅಂದೆ, ಊಟದ ಅಲರ್ಜಿಗೆ ಆ ಟೆಸ್ಟ್ ನಂಬುವ ಹಾಗಿಲ್ಲ, ದುಡ್ಡು ದಂಡ ಅಂದ್ರು. ಇರೋ ದಾರಿ ಒಂದೇ, ಎಂಟು ವಾರ ಒಂದೇ ಬಗೆಯ ಊಟ, ಅದು ಬಿಟ್ಟು ಒಂದು ಚೂರು ಬೇರೆ ಹೋಗ್ಬಾರದು. ಸಾಮಾನ್ಯ ನಾಯಿ ಈವರೆಗೆ ತಿನ್ನದ ಮಾಂಸ ಯಾವುದಾದ್ರೂ ಆರಿಸ್ತಾರೆ. ಆದ್ರೆ ದತ್ತು ತಗೊಂಡ ಮುದಿ ನಾಯಿ ಹಿಂದೆ ಏನೇನು ತಿಂದಿದೆ ಅಂತ ಯಾರಿಗೆ ಗೊತ್ತು? ಅದಕ್ಕೇ ಪ್ರೋಟೀನನ್ನ ಮೊದಲೇ ಸಣ್ಣ ಸಣ್ಣದಾಗಿ ಒಡೆದು ಮಾಡಿದ ಸ್ಪೆಷಲ್ ಫುಡ್ ಬರ್ಕೊಟ್ರು, ಒಡೆದ ಕಾರಣ ಮೈಗೆ ಗುರುತು ಸಿಗುವುದಿಲ್ಲ, ಜಗಳ ಇಲ್ಲ. ಒಂದು ಚೀಲದ ರೇಟ್ ಕೇಳಿ ಪಿಂಚಣಿ ಇಲ್ಲದ ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ.

ಐದನೇ ವಾರಕ್ಕೆ ಚೆನ್ನಾಗಿ ಕಮ್ಮಿ ಆಗಿತ್ತು, ಆಮೇಲೆ ಒಂದು ಸೋಮವಾರ ಇದ್ದಕ್ಕಿದ್ದ ಹಾಗೆ ಹೊಟ್ಟೆಯೆಲ್ಲ ಕೆಂಪು. ಮನೆಯಲ್ಲಿ ಎಲ್ಲರನ್ನ ವಿಚಾರಣೆ ಮಾಡಿದೆ. ಕೊನೆಗೆ ಹೊರಬಿತ್ತು: ವಾಚ್‌ಮನ್ ದಿನಾ ಬೆಳಿಗ್ಗೆ ಚಹಾಕ್ಕೆ ಅದ್ದಿ ಐದು ರೂಪಾಯಿ ಪ್ಯಾಕೆಟ್‌ನ ಬಿಸ್ಕೆಟ್ ಕೊಡ್ತಿದ್ದ, ಮೊದಲ ಮಹಡಿಯ ಮರಾಠಿ ಕಾಕು ತುಪ್ಪ ಹಚ್ಚಿದ ಪೋಳಿ (ನಮ್ಮ ಚಪಾತಿ), ಮತ್ತೆ ನಮ್ಮವರೇ ಆದ ಮೂರನೇ ಮಹಡಿ ಶೆಟ್ರು ಭಾನುವಾರ ಕೋರಿ ರೊಟ್ಟಿಯ ಕೋಳಿ ಮೂಳೆ. ಕೇಳಿದ್ರೆ ಶೆಟ್ರು "ಅಯ್ಯೋ ಪಾಪ, ಮುಖ ನೋಡಿದ್ರೆ ಕೊಡದೆ ಇರ್ಲಿಕ್ಕೆ ಆಗ್ತದಾ" ಅಂತಾರೆ. ಆ ಮುಖವೇ ಅದರ ಕಸುಬು ಶೆಟ್ರೇ! ಗೋಧಿ, ಹಾಲು, ಕೋಳಿ, ನಾಯಿಗಳಿಗೆ ಸಾಮಾನ್ಯವಾಗಿ ಅಲರ್ಜಿ ಮಾಡುವ ಪಟ್ಟಿಯಲ್ಲಿರುವ ಮೂರೂ ಒಂದೇ ಬಿಲ್ಡಿಂಗಲ್ಲಿ ಸಿಕ್ಕಿತು. ಐದು ವಾರ ನೀರಿಗೆ, ಮತ್ತೆ ಒಂದನೇ ದಿನದಿಂದ ಲೆಕ್ಕ.

ಎರಡನೇ ಸಲ ಮೊಮ್ಮಗಳು ಕುತ್ತಿಗೆ ಪಟ್ಟಿಗೆ ಬೋರ್ಡ್ ಕಟ್ಟಿದಳು, ಮರಾಠಿಯಲ್ಲಿ ಕನ್ನಡದಲ್ಲಿ, ನನಗೆ ಏನೂ ಕೊಡ್ಬೇಡಿ ಅಂತ. ಎಂಟು ವಾರ ಪೂರಾ ಆಯ್ತು. ಆಮೇಲೆ ಡಾಕ್ಟ್ರು ಹೇಳಿದ ಹಾಗೆ ಬೇಕೆಂದೇ ಕೋಳಿ ಕೊಟ್ಟು ನೋಡಿದ್ವಿ, ನಾಲ್ಕನೇ ದಿನಕ್ಕೆ ಟಕಟಕ ಶುರು. ಕೋಳಿ ಅಂತ ಗ್ಯಾರಂಟಿ ಆಯ್ತು. ಪೂರ್ತಿ ವಾಸಿ ಆಗಿದೆ ಅಂತ ಸುಳ್ಳು ಹೇಳುವುದಿಲ್ಲ, ಮಳೆಗಾಲದಲ್ಲಿ ಧೂಳು ಬೂಷ್ಟಿನದ್ದೋ ಏನೋ ಸ್ವಲ್ಪ ತುರಿಕೆ ಬರ್ತದೆ, ಆಗ ಡಾಕ್ಟ್ರು ಕೊಟ್ಟ ಸ್ಟಿರಾಯ್ಡ್ ಅಲ್ಲದ ಮಾತ್ರೆ ಉಂಟು. ಕೂದಲು ಬಂದಿದೆ, ರಾತ್ರಿ ನಾವು ನಿದ್ದೆ ಮಾಡ್ತೇವೆ.

ಇದರ ನಡುವೆ ಲಿಫ್ಟ್ ಪಕ್ಕ ನೋಟಿಸ್ ಬೇರೆ ಹಾಕಿದ್ರು, ಖುಜಲಿವಾಲಾ ಕುತ್ತಾ, ಅಂದ್ರೆ ಕಜ್ಜಿ ನಾಯಿ, ಲಿಫ್ಟಲ್ಲಿ ಬೇಡ ಅಂತ. ಹೆದರುವವರದ್ದು ತಪ್ಪು ಅನ್ನುವುದಿಲ್ಲ, ಕಜ್ಜಿ ಹುಳ ಇದ್ರೆ ಮನುಷ್ಯರಿಗೂ ಸ್ವಲ್ಪ ದಿನ ತುರಿಸ್ತದೆ, ಗಜಕರ್ಣ ಅಂತೂ ಹರಡ್ತದೆ, ಮಕ್ಕಳಿರೋ ಮನೆಯವರು ಕೇಳೋದು ನ್ಯಾಯವೇ. ಆದ್ರೆ ಅಲರ್ಜಿ ಹರಡುವುದಿಲ್ಲ, ಡಾಕ್ಟ್ರು ಬರೆದ ಚೀಟಿ ತೋರಿಸಿದೆ. ನಾಯಿಗೆ ಲಿಫ್ಟ್ ಇಲ್ಲ ಅನ್ನಬಾರದು ಅಂತ ಕೇಂದ್ರ ಸರ್ಕಾರದ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ ಅಂತಾನೂ ತೋರಿಸಿದೆ. ಕಮಿಟಿಯವರೊಬ್ಬರು ಅಷ್ಟು ಖರ್ಚು ಯಾಕೆ, ಎಲ್ಲಾದ್ರೂ ದೂರ ಬಿಟ್ಟು ಬನ್ನಿ ಅಂದ್ರು. ಬಿಟ್ಟು ಬಂದು ಅದು ಹಸಿವಿಂದ ನರಳೋ ಹಾಗೆ ಆದ್ರೆ 1960ರ ಪ್ರಾಣಿ ಹಿಂಸೆ ತಡೆ ಕಾನೂನಲ್ಲಿ ಅಪರಾಧ, ದಂಡ ಎಷ್ಟು ಗೊತ್ತುಂಟಾ, ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ! ಡೊಂಬಿವಲಿ ಸ್ಟೇಷನ್ ಹೊರಗೆ ಎರಡು ವಡಾಪಾವಿನ ದುಡ್ಡು. ಬ್ರೂನೋನ್ನ ಬಿಟ್ಟವರು ಅದನ್ನೂ ಕಟ್ಟಲಿಲ್ಲ.

ಈ ಪತ್ರ ಹಾಕ್ತೀರಿ ಅಂತ ನಂಬಿದ್ದೇನೆ, ಉದ್ದ ಆದ್ರೆ ಯಕ್ಷಗಾನದ್ದು ತೆಗೀರಿ, ಬಿಸ್ಕೆಟಿಂದು ಬಿಡಿ. ಅಚ್ಚಾದ್ರೆ ಕತ್ತರಿಸಿ ಆ ಹಳೇ ನೋಟಿಸಿನ ಜಾಗದಲ್ಲಿ ಅಂಟಿಸುವವನಿದ್ದೇನೆ. ಶೆಟ್ರು ದಿನಾ ನಿಮ್ಮ ಪೇಪರ್ ಓದ್ತಾರೆ, ಅವರ ಕಿಸೆಯಲ್ಲಿ ಈಗಲೂ ಒಂದು ರಸ್ಕ್ ಇರ್ತದೆ.

ಇಂತಿ,
ನಿಮ್ಮ ಹಳೇ ಓದುಗ
ಡೊಂಬಿವಲಿ ಪೂರ್ವ