ವೈಟ್‌ಫೀಲ್ಡ್‌ನ ಹಳೇ ಮನೆಗಳ ಪಟ್ಟಿ ಎಲ್ಲಿ ಸಾರ್?

ಮಾನ್ಯ ಸಚಿವರಿಗೆ ನಮಸ್ಕಾರ.

ಹಳೇ ಮನೆಗಳ ಪಟ್ಟಿ ಮಾಡಿ ಅಂತ ನಾಲ್ಕು ಅರ್ಜಿ ಕೊಟ್ಟೆ. ನಾಲ್ಕಕ್ಕೂ ಸೀಲು ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಅದಕ್ಕೇ ಈಗ ಊರೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ.

ವೈಟ್‌ಫೀಲ್ಡ್ ಅಂದ್ರೆ ಬರೀ ಐಟಿ ಪಾರ್ಕು, ಟ್ರಾಫಿಕ್ಕು ಅಲ್ಲ ಅಂತ ನಿಮಗೆ ಗೊತ್ತೇ ಇರುತ್ತದೆ. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಬೇಸಾಯ ಮಾಡಿಕೊಂಡಿರಿ ಅಂತ 3,900 ಎಕರೆ ಕೊಟ್ಟರು. ಮುಂದೆ ನಿಂತ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಹೊರಗಿಂದ ಬಂದ ಆ ಸಂಸಾರಗಳು ಊರ ನಡುವಿನ ಇನ್ನರ್ ಸರ್ಕಲ್ ಸುತ್ತ ಮನೆ ಕಟ್ಟಿ, ಹಣ್ಣಿನ ಮರ ನೆಟ್ಟು, ಕೋಳಿ ಸಾಕಿ ಬದುಕಿದವು. ನಮ್ಮ ತಾತ ಅಂಥದ್ದೇ ಒಂದು ತೋಟದ ಮನೆಯಲ್ಲಿ ಮಾಲಿ. ಅಮ್ಮ ಆಡಿ ಬೆಳೆದದ್ದು ಅದರ ಜಗಲಿಯಲ್ಲೇ. ಕೆಂಪು ನೆಲ, ಬೇಸಿಗೆಯಲ್ಲೂ ತಣ್ಣಗೆ. ಕಿಟಕಿ ಮೇಲೆ ಮಂಕಿ ಟಾಪ್ ಅನ್ನೋ ಮರದ ಪಟ್ಟಿಯ ಚೂಪು ಮಾಡು, ಅದರೊಳಗೆ ಗುಬ್ಬಚ್ಚಿ ಗೂಡು.

ಆ ಮನೆ ಹೋಯಿತು ಸಾರ್. ಶನಿವಾರ ರಾತ್ರಿ ಜೆಸಿಬಿ ಬಂತು, ಸೋಮವಾರ ಕಚೇರಿ ಬಾಗಿಲು ತೆಗೆಯೋ ಹೊತ್ತಿಗೆ ಒಂದು ಹೆಂಚೂ ಉಳಿದಿರಲಿಲ್ಲ. ನಾನು ರಜೆ ಹಾಕಿ, ಆ ಟ್ರಾಫಿಕ್ಕಲ್ಲಿ ಹೋಗಿ, ಮೂರು ಗಂಟೆ ಬೆಂಚಿನ ಮೇಲೆ ಕೂತೆ. ಕೊನೆಗೆ ಒಬ್ಬ ಅಧಿಕಾರಿ ತಲೆ ಎತ್ತಿದರು.

"ಮನೆ ನಿಮ್ಮದಾ?"

"ಅಲ್ಲ ಸಾರ್."

"ನೆಂಟರದಾ?"

"ಅಲ್ಲ."

"ಮತ್ತೆ ನಿಮಗೇನ್ರೀ ಕಷ್ಟ?" ಅಂದವರು ಟೀ ತರಿಸಿದರು. ತಮಗೆ ಮಾತ್ರ.

ಮಾರಿದವರ ಮೇಲೆ ನನಗೆ ಸಿಟ್ಟಿಲ್ಲ. ಹೆಂಚು ಸೋರಿದರೆ ರಿಪೇರಿಗೆ ಆಳು ಸಿಗಲ್ಲ, ಜಾಗದ ರೇಟು ಕೇಳಿದರೆ ಯಾರಿಗಾದರೂ ತಲೆ ತಿರುಗುತ್ತೆ. ಆದರೆ ಪಾರಂಪರಿಕ ಕಟ್ಟಡಗಳಿಗೆ ಅಂತ ನಿಯಮ ಇದೆಯಲ್ಲ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅದನ್ನು ಯಾವ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರಿ? ಉಳಿದಿರೋ ಮನೆಗಳ ಪಟ್ಟಿ ಮಾಡಿ. ಪಟ್ಟಿ ಆಗೋವರೆಗೆ ಯಾವ ಮನೆಯನ್ನೂ ಒಡೆಯಲು ಬಿಡಬೇಡಿ. ಸುಮ್ನೆ ಸಮಿತಿ ಮಾಡಿ, ಫೋಟೋ ತೆಗೆಸಿಕೊಂಡು ಹೋಗೋದಾದರೆ ಬರಲೇಬೇಡಿ. ಪಟ್ಟಿ ಬೇಕು, ಅಷ್ಟೇ.

ಇನ್ನೊಂದು ವಿಷಯ. ಆ ಮನೆಯ ಬಾವಿ ರಾಟೆ ಗುಜರಿ ಅಂಗಡಿಗೆ ಹೋಗಿತ್ತು. 350 ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದಿದ್ದೇನೆ. ಅಮ್ಮ ಅದನ್ನು ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ. ನಿಮ್ಮ ಇಲಾಖೆಯಲ್ಲಿ ಅದನ್ನು ಯಾರ ಕೈಗೆ ಕೊಡಬೇಕು, ಹೇಳಿ ಕಳಿಸಿ.

ಇಂತಿ,
ಕಾಡುಗೋಡಿಯ ಒಬ್ಬ ಮತದಾರ